ಕೊನೆಯ ಒಬ್ಬೆ

ಆಷಾಢದಲ್ಲಿ ಮೈಸೂರಿನ ಮಳೆ ಧೋ ಎಂದು ಸುರಿಯುವುದು ಕಡಿಮೆ. ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ. ಅಂಥ ದಿನ ಸರಸ್ವತೀಪುರದ ನಮ್ಮ ಮನೆಯ ಮಹಡಿಯಿಂದ ನೋಡಿದರೆ ಬೆಟ್ಟ ಕಾಣುವುದಿಲ್ಲ. ಮೈಸೂರಿನವರಿಗೆ ಬೆಟ್ಟ ಅಂದರೆ ಒಂದೇ, ಹೆಸರು ಹೇಳಬೇಕಾಗಿಲ್ಲ. ನಾವು ಚಿಕ್ಕವರಿದ್ದಾಗ ಅಮ್ಮ ಮಧ್ಯಾಹ್ನ ಮೂರರ ಹೊತ್ತಿಗೆ ಒಣಗಿದ್ದರೆ ತೆಗೆಯೋಣವೆಂದು ಬಟ್ಟೆ ನೋಡಲು ಮೇಲೆ ಹೋಗುತ್ತಿದ್ದಳು. ಕೆಳಗಿಳಿದು ಬಂದು "ಬೆಟ್ಟ ಮುಚ್ಕೊಂಡಿದೆ" ಅಂದರೆ ಸಾಕು, ಅವತ್ತು ಸಂಜೆ ಬಜ್ಜಿ ಎಂದು ನಮಗೆ ಗೊತ್ತಾಗುತ್ತಿತ್ತು. ಬಟ್ಟೆಯ ವಿಷಯ ಮತ್ತೆ ಯಾರೂ ಎತ್ತುತ್ತಿರಲಿಲ್ಲ.

ಬಜ್ಜಿಗೆಂದೇ ತರಕಾರಿ ತಂದ ನೆನಪಿಲ್ಲ. ಬುಟ್ಟಿಯಲ್ಲಿ ಏನಿದೆಯೋ ಅದು. ಒಂದು ಹೀರೇಕಾಯಿ ಇದ್ದರೆ ಅದನ್ನು ಬಿಲ್ಲೆಯಾಗಿ ಹೆಚ್ಚುವುದು, ಹೆರೆದ ಸಿಪ್ಪೆ ರಾತ್ರಿಯ ಚಟ್ನಿಗೆ. ಬಾಳೆಕಾಯಿ ಇದ್ದರೆ ಉದ್ದಕ್ಕೆ ತೆಳ್ಳಗೆ ಸೀಳಿ, ಕಪ್ಪಾಗದಂತೆ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿಡುವುದು. ಆಲೂಗಡ್ಡೆ, ಈರುಳ್ಳಿ ಹೇಗೂ ಇರುತ್ತವೆ. ಭಾನುವಾರ ಅಪ್ಪ ದೇವರಾಜ ಮಾರುಕಟ್ಟೆಗೆ ಹೋಗಿದ್ದರೆ ಈರನಗೆರೆಯ ಹೆಸರು ಹೊತ್ತ ಹಸಿರು ಬದನೆ ಸಿಗುವ ಅದೃಷ್ಟವೂ ಇತ್ತು. ಏನೂ ಇಲ್ಲದ ದಿನ ಹಿತ್ತಲಿನ ಕುಂಡದಿಂದ ದೊಡ್ಡಪತ್ರೆಯ ಎಲೆ ಕಿತ್ತು ತರಲು ನನ್ನನ್ನು ಕಳಿಸುತ್ತಿದ್ದರು. ದಪ್ಪ, ರೋಮವಿರುವ ಎಲೆ. ಕಿತ್ತ ಬೆರಳಲ್ಲಿ ಓಮದ ವಾಸನೆ ರಾತ್ರಿಯವರೆಗೂ ಉಳಿಯುತ್ತಿತ್ತು. ಎಣ್ಣೆಯಲ್ಲಿ ಆ ಎಲೆ ಹಪ್ಪಳದ ಹಾಗೆ ಉಬ್ಬಿ ಬರುವುದನ್ನು ನೋಡಬೇಕು. ಎಲ್ಲ ಬಜ್ಜಿಗಳಲ್ಲೂ ನನಗೆ ಹೆಚ್ಚು ಪ್ರೀತಿ ಅದರ ಮೇಲೆಯೇ.

ಬಜ್ಜಿ ಅನ್ನುತ್ತಿದ್ದೇನೆ, ನನ್ನ ಅಜ್ಜಿಯ ಬಾಯಲ್ಲಿ ಇದೆಲ್ಲ ಬೋಂಡ. ಈರುಳ್ಳಿ ಬೋಂಡ, ಬಾಳೆಕಾಯಿ ಬೋಂಡ. ಮಂಗಳೂರಿನ ಕಡೆ ಇದೇ ಪೋಡಿ ಆಗುತ್ತದೆ. ಹುಬ್ಬಳ್ಳಿ ಧಾರವಾಡದಲ್ಲಿ ಮಿರ್ಚಿ ಅಂದರೆ ಸಾಕು, ಪಕ್ಕದಲ್ಲಿ ಗಿರ್ಮಿಟ್ ತಾನಾಗಿ ಬಂದು ಕೂರುತ್ತದೆ. ದಾವಣಗೆರೆಯಲ್ಲಿ ಆ ಜಾಗ ಮಂಡಕ್ಕಿಯದು. ಮಲೆನಾಡಿನ ನೆಂಟರ ಮನೆಯಲ್ಲಿ "ಊಟಕ್ಕೆ ಬದನೆಕಾಯಿ ಬಜ್ಜಿ" ಅಂದಾಗ ನಾನು ಕರಿದದ್ದಕ್ಕೆ ಕಾದು ಕೂತಿದ್ದೆ, ಬಂದದ್ದು ಕೆಂಡದಲ್ಲಿ ಸುಟ್ಟು ಕಿವುಚಿ ಮೊಸರು ಬೆರೆಸಿದ ಬದನೆ. ಅದೂ ಅಮೃತವೇ. ಇನ್ನು ಆಂಧ್ರದ ಹೋಟೆಲುಗಳಲ್ಲಿ ಮೈದಾ ಮೊಸರು ಕಲಸಿ ಉಂಡೆ ಬಿಡುವ 'ಮೈಸೂರು ಬಜ್ಜಿ'ಯನ್ನು ಮೈಸೂರಿನ ಮನೆಗಳಲ್ಲಿ ಆ ಹೆಸರಿಂದ ಕರೆದದ್ದನ್ನು ನಾನು ಕೇಳಿಲ್ಲ.

ಹಿಟ್ಟಿನ ವಿಷಯಕ್ಕೆ ಬರುತ್ತೇನೆ. ಅಮ್ಮನ ಅಳತೆ ಲೋಟದ್ದು: ಮೂರು ಲೋಟ ಕಡಲೆಹಿಟ್ಟಿಗೆ ಅರ್ಧ ಲೋಟ ಅಕ್ಕಿಹಿಟ್ಟು. ಉಪ್ಪು, ಅಚ್ಚಖಾರದ ಪುಡಿ, ಅಂಗೈಯಲ್ಲಿ ತಿಕ್ಕಿದ ಓಂಕಾಳು, ಇಂಗು. ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಗಂಟಿಲ್ಲದಂತೆ ಕೈಯಲ್ಲೇ ಕಲಸಿ, ಆಮೇಲೆ ಚೆನ್ನಾಗಿ ಬೀಸಬೇಕು, ಹಿಟ್ಟಿನ ಬಣ್ಣ ಒಂದು ಛಾಯೆ ತಿಳಿಯಾಗುವವರೆಗೆ. ಬೆರಳು ಅದ್ದಿ ಎತ್ತಿದರೆ ಉಗುರು ಕಾಣಬಾರದು, ಆದರೆ ಹಿಟ್ಟು ಬೆರಳ ತುದಿಯಿಂದ ಎಳೆಯಾಗಿ ಇಳಿಯಬೇಕು. ಕಡೆಯಲ್ಲಿ ಒಂದು ದೊಡ್ಡ ಚಮಚ ಕಾದ ಎಣ್ಣೆ, ಚುಂಯ್ ಎನ್ನುವಂತೆ. ಸೋಡ ಹಾಕಿದರೆ ಚಿಟಿಕೆ, ಹಾಕದಿದ್ದರೆ ಇನ್ನೂ ಒಳ್ಳೆಯದು.

ಇದೆಲ್ಲ ಯಾಕೆ ಎಂದು ಅಮ್ಮ ಯಾವತ್ತೂ ವಿವರಿಸಲಿಲ್ಲ. ನಾನು ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ, ತಿಳಿದಷ್ಟೂ ಅವಳ ಮೇಲೆ ಗೌರವ ಹೆಚ್ಚಿತು. ಗೋಧಿ ಹಿಟ್ಟನ್ನು ನೀರಲ್ಲಿ ಬೀಸಿದರೆ ಗ್ಲುಟನ್ ಎಳೆಯೆಳೆಯಾಗಿ ಹೆಣೆದುಕೊಂಡು ಹಿಟ್ಟು ಜಿಗುಟಾಗುತ್ತದೆ, ಕರಿದಾಗ ಬಿರುಸು ಬರುತ್ತದೆ. ಕಡಲೆಯಲ್ಲಿ ಗ್ಲುಟನ್ ಇಲ್ಲ. ಎಷ್ಟು ಬೀಸಿದರೂ ಒಳಗೆ ಸೇರುವುದು ಗಾಳಿ ಮಾತ್ರ. ಆ ಗಾಳಿಯೇ ಎಣ್ಣೆಯಲ್ಲಿ ಹಿಗ್ಗಿ ಹೊದಿಕೆಯನ್ನು ಹಗುರ ಮಾಡುತ್ತದೆ. ಕಡಲೆಹಿಟ್ಟೊಂದೇ ಆದರೆ ಹೊದಿಕೆ ಬೇಗ ಮೆತ್ತಗಾಗುತ್ತದೆ. ಅಕ್ಕಿಹಿಟ್ಟಿನ ಪಿಷ್ಟ ಅದಕ್ಕೆ ಬಿಗಿ ಕೊಡುತ್ತದೆ. ಸೋಡ ಹೆಚ್ಚಾದರೆ ಹೊದಿಕೆಯ ತುಂಬ ತೂತು, ತೂತಿನ ತುಂಬ ಎಣ್ಣೆ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಆರಂಭವಾದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳು ಇಂಥ ವಿಷಯವನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದ್ದಾರೆ. ನೀರಲ್ಲಿ ಕಲಸಿದ ಕಡಲೆಹಿಟ್ಟು ಎಣ್ಣೆಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದರ ಮೇಲೆ ಅಲ್ಲಿಯ ಕೆ.ಕೆ. ಭಟ್ ಮತ್ತು ಎಸ್. ಭಟ್ಟಾಚಾರ್ಯ 2001ರಲ್ಲಿ ಪ್ರಬಂಧ ಪ್ರಕಟಿಸಿದರು. ನಮ್ಮ ಮನೆಯಿಂದ ಆ ಕಟ್ಟಡ ದೂರವೇನಿಲ್ಲ. ಅಲ್ಲಿ ತಾಪಮಾಪಕ ಹಿಡಿದು ಕಂಡುಕೊಂಡದ್ದೂ ಇಲ್ಲಿ ಉಗುರು ಕಾಣಬಾರದು ಎಂದು ಕಂಡುಕೊಂಡದ್ದೂ ಒಂದೇ ಬೀದಿಯ ಅಕ್ಕಪಕ್ಕದವರ ಹಾಗೆ ನನಗೆ ಕಾಣುತ್ತವೆ.

ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡಲು ಅಮ್ಮ ಒಂದು ತೊಟ್ಟು ಹಿಟ್ಟು ಬಿಡುತ್ತಾಳೆ. ತಳಕ್ಕೆ ಹೋಗಿ ಅಲ್ಲೇ ಕೂತರೆ ಕಾದಿಲ್ಲ. ಬಿದ್ದ ಕೂಡಲೇ ಕೆಂಪಾದರೆ ಹೆಚ್ಚು ಕಾದಿದೆ. ಮುಳುಗಿದಂತೆ ಮಾಡಿ ತಟ್ಟನೆ ಮೇಲೆದ್ದು ಸುತ್ತ ನೊರೆ ಕಟ್ಟಿದರೆ ಸರಿ. ಆ ಸರಿ ಅನ್ನುವುದು ಹೆಚ್ಚುಕಡಿಮೆ 170ರಿಂದ 180 ಡಿಗ್ರಿ ಸೆಲ್ಸಿಯಸ್. ಬಜ್ಜಿ ಬಿಟ್ಟಾಗ ಬುಸುಬುಸು ಏಳುವ ಗುಳ್ಳೆಗಳು ಎಣ್ಣೆಯವಲ್ಲ, ತರಕಾರಿ ಮತ್ತು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ಬರುವಂಥವು. ಆವಿ ರಭಸವಾಗಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಎಣ್ಣೆ ಹೆಚ್ಚಾಗಿ ಒಳಗಿಳಿಯುವುದು ಬಜ್ಜಿಯನ್ನು ಹೊರಗೆ ತೆಗೆದ ಮೇಲೆ. ಬಜ್ಜಿ ತಣ್ಣಗಾಗುತ್ತ ಒಳಗಿನ ಆವಿ ಕುಗ್ಗಿದಾಗ, ಮೈಗೆ ಅಂಟಿದ ಎಣ್ಣೆಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಅಮ್ಮ ಜಾಲರಿಯನ್ನು ಬಾಣಲೆಯ ಅಂಚಿಗೆ ಎರಡು ಸಲ ಕುಟ್ಟಿ, ಅಲ್ಲೇ ಓರೆಯಾಗಿ ಹಿಡಿದು ಒಂದು ಕ್ಷಣ ಕಾಯುತ್ತಿದ್ದದ್ದು ಅದಕ್ಕೆ. ಮೊದಲೆಲ್ಲ ಆಮೇಲೆ ಪತ್ರಿಕೆಯ ಹಾಳೆ ಹಾಸಿದ ತಟ್ಟೆಗೆ ಹಾಕುತ್ತಿದ್ದಳು. ಅಚ್ಚಿನ ಮಸಿ ಬಿಸಿ ಎಣ್ಣೆಗೆ ಕರಗಿ ಹೊಟ್ಟೆ ಸೇರುತ್ತದೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ತಂತಿಯ ಜಾಲರಿಯ ಮೇಲೆ ಹರಡುವುದು ಎಲ್ಲಕ್ಕಿಂತ ಮೇಲು, ಕೆಳಗಿನಿಂದಲೂ ಗಾಳಿ ಆಡುತ್ತದೆ.

ಕರಿದು ಮಿಕ್ಕ ಎಣ್ಣೆಯ ಬಗ್ಗೆಯೂ ಒಂದು ಮಾತು. ಅದನ್ನು ಸೋಸಿ, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಮುಗಿಸುವುದು ನಮ್ಮ ಮನೆಯ ಪದ್ಧತಿ, ಮತ್ತೆ ಬಾಣಲೆಗೆ ಸುರಿಯುವಂತಿಲ್ಲ. ಮೇಲಿಂದ ಮೇಲೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಸೇರುತ್ತ ಹೋಗುತ್ತವೆ. ಅವುಗಳ ಮೊತ್ತ ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ, ಆದರೆ ಕಪ್ಪಾದ, ಬೇಗ ಹೊಗೆಯಾಡುವ, ನೊರೆ ಇಳಿಯದ ಎಣ್ಣೆ ತನ್ನ ಕತೆಯನ್ನು ತಾನೇ ಹೇಳುತ್ತದೆ.

ಇಷ್ಟೆಲ್ಲ ಜೋಪಾನವಾಗಿ ಮಾಡಿದ ಬಜ್ಜಿಯ ಗರಿಗರಿ ಎಷ್ಟು ಹೊತ್ತಿನದು? ಕೆಲವೇ ನಿಮಿಷ. ಹೊದಿಕೆ ಒಣಗಿದೆ, ಒಳಗಿನ ಹೀರೇಕಾಯಿಯಲ್ಲಿ ಇನ್ನೂ ನೀರಿದೆ. ಆ ತೇವ ಹೊರಗೆ ಬರುತ್ತ ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಒಂದರ ಮೇಲೊಂದು ಪೇರಿಸಿದರೆ ಇನ್ನೂ ಬೇಗ, ಮುಚ್ಚಳ ಮುಚ್ಚಿದರೆ ಮುಗಿದೇ ಹೋಯಿತು. ಚಕ್ಕುಲಿ ಕೋಡುಬಳೆ ಡಬ್ಬದಲ್ಲಿ ವಾರಗಟ್ಟಲೆ ಕಾಯುತ್ತವೆ, ಬಜ್ಜಿಗೆ ಆ ಸಹನೆ ಇಲ್ಲ. ತಿನ್ನುವವರು ಬಾಣಲೆಗೆ ಕಾಯಬೇಕು, ಬಾಣಲೆ ಅವರಿಗೆ ಕಾಯುವಂತಿಲ್ಲ.

ನನಗೆ ಬಹಳ ದಿನದಿಂದ ಹೇಳಬೇಕೆನಿಸಿದ್ದು ಇಲ್ಲಿಂದ ಶುರುವಾಗುತ್ತದೆ. ಬಜ್ಜಿ ಕಾಯುವುದಿಲ್ಲ ಅಂದರೆ, ಎಲ್ಲರೂ ಕೂತು ತಿನ್ನಲು ಒಬ್ಬರು ನಿಂತೇ ಇರಬೇಕು. ನಮ್ಮ ಮನೆಯಲ್ಲಿ ನಿಂತವಳು ಅಮ್ಮ. ಹಜಾರದಲ್ಲಿ ಅಪ್ಪ, ಅಣ್ಣ, ನಾನು, ಪಕ್ಕದ ಮನೆಯ ಹುಡುಗರು. "ಆರ್‌ಹೋಗತ್ತೆ, ತಿನ್ನಿ ಮೊದ್ಲು" ಎಂದು ಒಳಗಿನಿಂದ ಕೂಗು. ಒಬ್ಬೆ ಮುಗಿದು ಇನ್ನೊಂದು ಒಬ್ಬೆ ಬರುವ ಮಧ್ಯೆ ನಮ್ಮ ಕಣ್ಣು ಅಡುಗೆಮನೆಯ ಬಾಗಿಲ ಮೇಲೆ. ವಾಸ್ತು ನೋಡಿ ಕಟ್ಟಿಸಿದ ಮನೆ, ಅಡುಗೆಮನೆ ಆಗ್ನೇಯ ಮೂಲೆಯಲ್ಲಿ, ಒಲೆಯ ಮುಂದೆ ನಿಂತವರ ಮುಖ ಪೂರ್ವಕ್ಕೆ, ಅಂದರೆ ಗೋಡೆಗೆ. ಬಾಗಿಲಿನಿಂದ ನಮಗೆ ಕಾಣುತ್ತಿದ್ದದ್ದು ಬೆನ್ನು. ಬಜ್ಜಿ ಅಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಅಮ್ಮನ ಆ ಬೆನ್ನು. ಕೈಮಗ್ಗದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಕುತ್ತಿಗೆಯ ಹಿಂದೆ ಬೆವರಿಗೆ ಅಂಟಿದ ಕೂದಲು, ಬಲ ಮೊಣಕೈ ಮಾತ್ರ ಆಡುತ್ತಿರುವುದು.

ನಮ್ಮದೆಲ್ಲ ಮುಗಿದ ಮೇಲೆ ಅವಳು ಒಂದು ಪುಟ್ಟ ತಟ್ಟೆ ಹಿಡಿದು ಬರುತ್ತಿದ್ದಳು. ಅದರಲ್ಲಿ ಕೊನೆಯ ಒಬ್ಬೆ. ತರಕಾರಿ ಖಾಲಿಯಾಗಿ ಹಿಟ್ಟು ಉಳಿದಿರುತ್ತದಲ್ಲ, ಅದಕ್ಕೆ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ, ಬೆರಳಲ್ಲಿ ಉದುರಿಸಿ ಕರಿದ ಪಕೋಡ. ಒಲೆ ಒರೆಸಿ, ಎಣ್ಣೆ ಇಳಿಸಿ, ಕಾಫಿಗೆ ಡಿಕಾಕ್ಷನ್ ಬಗ್ಗಿಸಿ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. "ನನಗೆ ಇದೇ ಇಷ್ಟ" ಅನ್ನುತ್ತಿದ್ದಳು. ನಾವು ನಂಬುತ್ತಿದ್ದೆವು. ನಂಬುವುದು ನಮಗೆ ಅನುಕೂಲವಾಗಿತ್ತು. ಮದುವೆಯಾಗಿ ನಾನೇ ಬಾಣಲೆಯ ಮುಂದೆ ನಿಂತು, ಹಜಾರದ ನಗು ಕೇಳಿಸಿಕೊಳ್ಳುತ್ತ ಗೋಡೆಯ ಟೈಲ್ಸ್ ನೋಡಿದ ಮೇಲೆ ಆ ಮಾತು ನನ್ನನ್ನು ಚುಚ್ಚತೊಡಗಿತು.

ಪುಸ್ತಕಗಳಲ್ಲೂ ಆ ನಿಂತವರನ್ನು ಹುಡುಕಿದೆ. ಕನ್ನಡಕ್ಕೆ ಅಡುಗೆಯ ಬರವಣಿಗೆ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆ ಜಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಳೆಯ ಹಿಟ್ಟನ್ನು ಎಣ್ಣೆಯಲ್ಲಿ ಕರಿಯುವ ತಿನಿಸುಗಳು ಬರುತ್ತವೆ. ನಮ್ಮ ಸೀಮೆಯವನೇ ಆದ ಕಲ್ಲಹಳ್ಳಿಯ ಮಂಗರಸ 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಕಟ್ಟಿದ. ಬದನೆಕಾಯೊಂದಕ್ಕೇ ಅದರಲ್ಲಿ ಹತ್ತಾರು ಪಾಕಗಳಿವೆ. ಮೂವರೂ ಗಂಡಸರು, ರುಚಿ ಬಲ್ಲವರು. ಹೇಗೆ ಕಲಸಬೇಕು, ಏನು ಬೆರೆಸಬೇಕು ಎಂದು ಪ್ರೀತಿಯಿಂದ ಹೇಳುತ್ತಾರೆ. ಒಲೆಯ ಮುಂದೆ ಬೆವರಿದವರ ಹೆಸರು ಎಲ್ಲೂ ಇಲ್ಲ.

ಆ ಗ್ರಂಥಗಳಲ್ಲಿ ಇಲ್ಲದ ಇನ್ನೊಂದು ವಸ್ತು ಮೆಣಸಿನಕಾಯಿ. ಅಮೆರಿಕ ಖಂಡದ ಆ ಕಾಯನ್ನು ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಗೆ ತಂದರು; ಅವರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಅಲ್ಲಿಯವರೆಗೆ ನಮ್ಮ ಖಾರ ಕಾಳುಮೆಣಸಿನದು, ಹೊಸಬನಿಗೆ ಹಳೆಯವನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು. ಆಲೂಗಡ್ಡೆ ಬಂದದ್ದು ಅದಕ್ಕೂ ತಡವಾಗಿ. ಹಾಗಾಗಿ ಇವತ್ತು ಮೈಸೂರಿನ ಯಾವ ಗಾಡಿಯ ಮುಂದೆ ನಿಂತರೂ ಮೊದಲು ಕಣ್ಣಿಗೆ ಬೀಳುವ ಮೆಣಸಿನಕಾಯಿ ಬಜ್ಜಿಗಿಂತ, ಹಿಟ್ಟು ಕಲಸಿ ಎಣ್ಣೆಗೆ ಬಿಡುವ ಕೈಗೆ ವಯಸ್ಸು ಹೆಚ್ಚು.

ಅದೇ ಪೋರ್ಚುಗೀಸರು 1543ರಲ್ಲಿ ಜಪಾನನ್ನು ಮುಟ್ಟಿದರು. ತರಕಾರಿಗೆ ಹಿಟ್ಟು ಹಚ್ಚಿ ಕರಿಯುವ ಅಲ್ಲಿಯ ತೆಂಪುರ ಅವರಿಂದ ಕಲಿತದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರದು ಗೋಧಿ ಹಿಟ್ಟು, ಗ್ಲುಟನ್ ಏಳದಿರಲೆಂದು ತಣ್ಣೀರು ಹಾಕಿ ಕಲಸಿಯೂ ಕಲಸದಂತೆ ಬಿಡುತ್ತಾರೆ, ನಮ್ಮ ಬೀಸುವಿಕೆಗೆ ಪೂರ್ತಿ ತಿರುವುಮುರುವು. ನನಗೆ ಹಿಡಿಸಿದ್ದು ಹಿಟ್ಟಿಗಿಂತ ಹೆಚ್ಚಾಗಿ ಅವರ ಕೂರುವ ಕ್ರಮ. ಒಳ್ಳೆಯ ತೆಂಪುರ ಅಂಗಡಿಯಲ್ಲಿ ಕರಿಯುವವನ ಎದುರಿಗೇ ಕಟ್ಟೆ, ಕಟ್ಟೆಯ ಈಚೆ ತಿನ್ನುವವರು. ಒಂದೊಂದೇ ತುಂಡು ಬಾಣಲೆಯಿಂದ ನೇರ ತಟ್ಟೆಗೆ. ಮಧ್ಯೆ ಒಂದು ಮಾರು ದೂರವೂ ಇಲ್ಲ. ನಮ್ಮ ಗಾಡಿಗಳಲ್ಲೂ ಹಾಗೇ ಅಲ್ಲವೇ? ಅಗ್ರಹಾರದ ಕಡೆಯೋ ಕುವೆಂಪುನಗರದಲ್ಲೋ ಸಂಜೆ ಗಾಡಿ ಹಚ್ಚುವವರು ನಮ್ಮ ಮುಖ ನೋಡುತ್ತಲೇ ಕರಿಯುತ್ತಾರೆ. ಯಾರು ಮೊದಲು ಬಂದರು, ಯಾರ ಮಗು ಹಸಿದಿದೆ, ಯಾರಿಗೆ ಇನ್ನೊಂದು ಬೇಕು, ಎಲ್ಲ ಅವರಿಗೆ ಕಾಣುತ್ತದೆ. "ಚೆನ್ನಾಗಿದೆ" ಅಂದದ್ದು ಕೇಳುತ್ತದೆ. ಬೀದಿಯಲ್ಲಿ ಒಲೆ ತಿನ್ನುವವರ ಕಡೆ ತಿರುಗಿದೆ. ಮನೆಯಲ್ಲಿ ಮಾತ್ರ ಗೋಡೆಯ ಕಡೆ.

ಇದು ಹೊಳೆದ ಮೇಲೆ ನಾನು ಮಾಡಿದ್ದು ಸಣ್ಣ ಕೆಲಸ. ಕಳೆದ ಆಷಾಢದಲ್ಲಿ ಅಮ್ಮನ ಮನೆಗೆ ಹೋದಾಗ ಇಂಡಕ್ಷನ್ ಒಲೆ, ಅದಕ್ಕೊಪ್ಪುವ ಚಪ್ಪಟೆ ತಳದ ಬಾಣಲೆ ಒಯ್ದೆ. ಅವಳಿಗೆ ಈಗ ಎಪ್ಪತ್ತೆಂಟು. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಇದ್ದಿದ್ದರೆ ಕಾದ ಎಣ್ಣೆಯನ್ನು ಊಟದ ಮೇಜಿಗೆ ತರುವ ಧೈರ್ಯ ಮಾಡುತ್ತಿರಲಿಲ್ಲ. ವೈರು ಯಾರ ಕಾಲಿಗೂ ತೊಡರದಂತೆ ಗೋಡೆಯ ಕಡೆಗೆ ಎಳೆದು ಕಟ್ಟಿದೆ. ಬೆಟ್ಟ ಮುಚ್ಚಿಕೊಂಡಿತ್ತು. ಅಮ್ಮನನ್ನು ಮೇಜಿನ ಆಚೆ ಬದಿಯಲ್ಲಿ ಕೂರಿಸಿ, "ಇವತ್ತು ನೀನು ಏಳಕೂಡದು" ಅಂದೆ. "ಇದೇನೇ ಹೊಸ ಸಂಭ್ರಮ" ಅಂದಳು, ಆದರೆ ಕೂತಳು.

ಮೊದಲ ಒಬ್ಬೆ ದೊಡ್ಡಪತ್ರೆ. ಜಾಲರಿ ಕುಟ್ಟಿ ನೇರವಾಗಿ ಅವಳ ತಟ್ಟೆಗೆ ಹಾಕಿದೆ. ಮುರಿದ ಸದ್ದು ನನ್ನವರೆಗೂ ಕೇಳಿತು. "ಉಪ್ಪು ಸರಿಯಾಗಿದೆ" ಅಂದಳು. ಅದು ಅವಳ ಬಾಯಿಂದ ಬರುವ ದೊಡ್ಡ ಮೆಚ್ಚುಗೆ. ಎರಡನೆಯ ಒಬ್ಬೆ ಹೀರೇಕಾಯಿ, ಮೂರನೆಯದು ಬಾಳೆಕಾಯಿ. ಅಣ್ಣ, ಅತ್ತಿಗೆ ತಿಂದರು, ನಾನೂ ನಿಂತಲ್ಲೇ ಮಾತಾಡುತ್ತ ಎರಡು ತಿಂದೆ. ಅಮ್ಮ ಒಂದೊಂದೇ ತಿಂದು ತಟ್ಟೆ ಪಕ್ಕಕ್ಕಿಟ್ಟಳು. ಕಣ್ಣು ಹಿಟ್ಟಿನ ಪಾತ್ರೆಯ ಮೇಲಿತ್ತು.

"ಹಿಟ್ಟು ಉಳೀತಾ?"

"ಸ್ವಲ್ಪ ಇದೆ."

ಎದ್ದೇಬಿಟ್ಟಳು. ಈಳಿಗೆಮಣೆ ಈಗ ಬಗ್ಗಲಾರದ್ದಕ್ಕೆ ಅಟ್ಟ ಸೇರಿದೆ, ಚಾಕು ತಗೊಂಡು ಈರುಳ್ಳಿ ಹೆಚ್ಚಿದಳು, ಕರಿಬೇವನ್ನು ಕೈಯಲ್ಲೇ ಹರಿದು ಹಾಕಿದಳು. "ಜರುಗು, ನೀನು ಕೂತ್ಕೋ" ಎಂದು ನನ್ನನ್ನು ಅವಳ ಕುರ್ಚಿಗೆ ಕಳಿಸಿ, ಬಾಣಲೆಯ ಮುಂದೆ ನಿಂತಳು. ಹಟ ಮಾಡಲು ಬಾಯಿ ತೆರೆದವಳು ಸುಮ್ಮನಾದೆ.

ಬಜ್ಜಿ ಕರಿಯುವಾಗ ಅಮ್ಮನ ಮುಖ ಹೇಗಿರುತ್ತದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹಿಟ್ಟು ಉದುರಿಸುವಾಗ ತುಟಿ ಎಣಿಸುವಂತೆ ಸಣ್ಣಗೆ ಆಡುತ್ತಿತ್ತು. ಆಮೇಲೆ ಕತ್ತು ಒಂದು ಪಕ್ಕಕ್ಕೆ ವಾಲಿತು. ಅವಳು ನೋಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದಳು. ಗುಳ್ಳೆಗಳ ಸದ್ದು ಜೋರಿನಿಂದ ಸಣ್ಣಗಾಗಿ, ಸಣ್ಣದು ಚಿಟಿಚಿಟಿಯಾದಾಗ ಹುಬ್ಬು ಏರಿತು. ಜಾಲರಿ ಎತ್ತಿ, ಎರಡು ಸಲ ಕುಟ್ಟಿ, ಓರೆ ಹಿಡಿದು ನಿಂತಳು. ತಟ್ಟೆಗೆ ಹಾಕುವ ಮೊದಲೇ ಅದರಿಂದ ಒಂದು ಪಕೋಡ ಎಡಗೈಯಲ್ಲಿ ಎತ್ತಿಕೊಂಡು, ಉಫ್ ಉಫ್ ಎಂದು ಊದಿ, ಸುಡುಸುಡುವಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

ಆ ಬೆನ್ನಿನ ಆಚೆ ಇದು ಯಾವತ್ತೂ ನಡೆಯುತ್ತಿತ್ತೋ ಏನೋ. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ತಗೋ. ಆರ್‌ಹೋಗತ್ತೆ."